ರಕ್ತಪಿಶಾಚಿಗಳಿಗೆ ಕೌನ್ಸೆಲಿಂಗ್ ಮಾಡುವ ನಾಯಕಿ, ಪೇಷೆಂಟ್ ಮೇಲೇ ಪ್ರೀತಿ: 14ನೇ ಕಂತಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ದುರ್ಗಿಗುಡಿ_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನೊಂದು ಧಾರಾವಾಹಿ ಬರೆಯುತ್ತಿದ್ದೇನೆ, ವಾರಕ್ಕೊಂದು ಕಂತು. ನಾಯಕಿ ಡಾ. ಮೈತ್ರಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ಅವಳ ಕ್ಲಿನಿಕ್. ಹಗಲು ಹೊತ್ತು ಪರೀಕ್ಷೆ ಭಯದ ಮಕ್ಕಳು, ನಿದ್ದೆ ಬಾರದ ಅಂಗಡಿಯವರು ಬರುತ್ತಾರೆ. ರಾತ್ರಿ ಎಂಟರ ಮೇಲೆ ಮೆಟ್ಟಿಲು ಹತ್ತುವವರೆಲ್ಲ ರಕ್ತಪಿಶಾಚಿಗಳು.

ಹೀರೋ ಆರ್ಯನ್. 1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ಆ ಗಲಾಟೆಯಲ್ಲಿ ಅವನಿಗೆ ಯಾರೋ ಕಚ್ಚಿದ್ದಾರೆ. ಅವತ್ತಿನಿಂದ ಸಾವಿಲ್ಲ, ನಿದ್ದೆಯೂ ಇಲ್ಲ. ಹೆಂಡತಿ ಹೋದಳು, ಮಕ್ಕಳು ಹೋದರು, ಮೊಮ್ಮಕ್ಕಳ ಮೊಮ್ಮಕ್ಕಳೂ ಹೋದರು. ಆ ದುಃಖ ಇಳಿಸಿಕೊಳ್ಳಲು ಅವಳ ಹತ್ತಿರ ಬರುತ್ತಾನೆ.

ಸಮಸ್ಯೆ ಏನೆಂದರೆ, 14ನೇ ಕಂತಿನಲ್ಲಿ ಸೆಷನ್ ನಡುವೆಯೇ ಅವಳು "ನನಗೂ ನೀನಂದ್ರೆ ಇಷ್ಟ" ಅಂದುಬಿಡುತ್ತಾಳೆ. ಓದುಗರು ಎರಡು ಪಾಲಾದರು. ಒಬ್ಬರಂತೂ "ಥೂ, ಪೇಷೆಂಟ್ ಜೊತೆನಾ?" ಅಂತ ಬರೆದರು. ಹದಿಮೂರು ಕಂತು ರಕ್ತ ಕುಡಿದದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಇದಕ್ಕೆ ಮಾಡಿಕೊಂಡರು! ಇದು ಅಷ್ಟು ತಪ್ಪಾ? ಇನ್ನೊಂದು, ನಮ್ಮಮ್ಮ ಕೇಳಿದ್ದು: "ನಮ್ಮೂರ ಬನದ ಚೌಡಿ, ಜಟಕ ಸಾಲದಾ? ಈ ರಕ್ತಪಿಶಾಚಿಗಳನ್ನು ಯಾಕೆ ಕರೆಸಿದೆ?" ನಿಮಗೇನನ್ನಿಸುತ್ತದೆ?

ಕಡುಬು_ಚಟ್ನಿ
ಮೊದಲು ಹೀರೋ ಹೆಸರು ಬದಲಾಯಿಸಿ. ಬಿದನೂರಿನಲ್ಲಿ ಆಗ ಆರ್ಯನ್ ಅಂತ ಯಾರಿದ್ದ ಮಾರಾಯ್ರೆ?

ನಗರದ_ಮೂಲೆಮನೆ
ಕಡುಬು ಹೇಳಿದ್ದು ಸರಿ. ಲಿಂಗಣ್ಣ ಅಂತ ಇಡಿ, ಅರಮನೆ ಲೆಕ್ಕ ಬರೆಯುವ ಶಾನುಭೋಗ ಅನ್ನಿ. ಆ ಊರು ಬೀಳುವಾಗ ಆಳುತ್ತಿದ್ದವರು ರಾಣಿ ವೀರಮ್ಮಾಜಿ. ಆಮೇಲೆ ಅವರನ್ನು ಮಧುಗಿರಿ ಕೋಟೆಯಲ್ಲಿ ಸೆರೆ ಇಟ್ಟರು. ಊರಿಗೆ ಹೈದರನಗರ ಅಂತ ಹೆಸರಾಯಿತು. ಈಗ ಅದರಲ್ಲಿ ಉಳಿದಿರುವುದು ಬರೀ "ನಗರ". ಬಸ್ಸಿನ ಬೋರ್ಡಿನಲ್ಲಿ ನಗರ ಅಂತ ಓದಿದಾಗಲೆಲ್ಲ ನಿಮ್ಮ ಹೀರೋಗೆ ಹೊಟ್ಟೆಯೊಳಗೆ ಏನೋ ಆಗಬೇಕು. ಅವನಿಗೆ ಗೊತ್ತಿದ್ದ ಹೆಸರು ಅದಲ್ಲವಲ್ಲ.

ಇಂಬಳ_ಪೀಡಿತ
ರಕ್ತಪಿಶಾಚಿ ಹೊರಗಿನದು ಅಂತ ಯಾರು ಹೇಳಿದ್ದು? ಜುಲೈನಲ್ಲಿ ಕವಲೇದುರ್ಗ ಕೋಟೆ ಹತ್ತಿ ಬನ್ನಿ. ಕಳೆದ ಮಳೆಗಾಲ ಹೋಗಿದ್ದೆ. ಕೆಳಗೆ ಬಂದು ಶೂ ಬಿಚ್ಚಿದರೆ ಬಿಳಿ ಸಾಕ್ಸು ಕೆಂಪಾಗಿತ್ತು. ಐದು ಇಂಬಳ (ಜಿಗಣೆ), ಒಂದೊಂದೂ ದ್ರಾಕ್ಷಿ ಗಾತ್ರ. ಕಚ್ಚಿದ್ದೇ ಗೊತ್ತಾಗಿರಲಿಲ್ಲ. ಟೀ ಅಂಗಡಿಯ ಅಜ್ಜ ಎಲೆ ಅಡಿಕೆಯ ಸುಣ್ಣ ಬೆರಳ ತುದಿಯಲ್ಲಿ ತೆಗೆದು ತಾಗಿಸಿದ, ಉದುರಿದವು. ರಕ್ತ ಮಾತ್ರ ಮನೆ ಮುಟ್ಟುವವರೆಗೂ ಸೋರುತ್ತಿತ್ತು. ಅದರ ಜೊಲ್ಲಿನಲ್ಲಿ ಹಿರುಡಿನ್ ಥರದ್ದೊಂದು ಇರುತ್ತದೆ, ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ನೀವು 3ನೇ ಕಂತಿನಲ್ಲಿ "ಕುತ್ತಿಗೆಗೆ ಬೆಂಕಿ ಇಟ್ಟಂತೆ ನೋವಾಯಿತು" ಅಂತ ಬರೆದಿದ್ದೀರಿ. ತಪ್ಪು. ಚೆನ್ನಾಗಿ ಕಚ್ಚಲು ಬರುವವನು ನೋಯಿಸುವುದಿಲ್ಲ.

ಶಿರಸಿ_ಕಡೆಯವ
ಅದು ಉಂಬಳ.

ಇಂಬಳ_ಪೀಡಿತ
ನಮ್ಮ ತೀರ್ಥಹಳ್ಳಿಯಲ್ಲಿ ಇಂಬಳ. ನೀವು ಏನು ಕರೆದರೂ ಅದಕ್ಕೆ ಕಾಲು ಸಿಕ್ಕರೆ ಸಾಕು.

ಸಂಜೆ_ಐದರ_ಅಪಾಯಿಂಟ್‌ಮೆಂಟ್
ನಾನು ಇದೇ ಕೆಲಸ ಮಾಡುವವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ.

ನಿಮ್ಮ ಓದುಗರು ಹೇಳಿದ್ದರಲ್ಲಿ ಅರ್ಥ ಇದೆ. ಪೇಷೆಂಟ್ ಆಗಿ ಬಂದವರಿಗೆ ಎದುರಿನವರ ಮೇಲೆ ಪ್ರೀತಿ ಹುಟ್ಟುವುದು ತೀರಾ ಸಾಮಾನ್ಯ. ಅದಕ್ಕೆ ಟ್ರಾನ್ಸ್‌ಫರೆನ್ಸ್ ಅಂತಾರೆ, ಫ್ರಾಯ್ಡ್ ಕಾಲದಿಂದ ಇರುವ ಮಾತು. ಅಮ್ಮನ ಮೇಲಿನದೋ, ಸತ್ತುಹೋದ ಹೆಂಡತಿಯ ಮೇಲಿನದೋ ಒಂದು ಹಳೇ ಭಾವನೆ ಎದುರು ಕೂತವರ ಮೇಲೆ ಬಂದು ಕೂರುತ್ತದೆ. ನಮಗೂ ಹಾಗೆ ಆಗಬಹುದು. ಆಗ ನಾವು ನಮ್ಮ ಮೇಲಿನವರ ಹತ್ತಿರ ಹೋಗಿ ಹೇಳಿಕೊಳ್ಳಬೇಕು. ಪೇಷೆಂಟ್ ಹತ್ತಿರ ಅಲ್ಲ.

ಯಾಕೆ ಅಂದರೆ, ಅವನು ಹದಿಮೂರು ವಾರ ಆ ಕುರ್ಚಿಯಲ್ಲಿ ಕೂತು ಎಲ್ಲ ಬಿಚ್ಚಿಟ್ಟಿದ್ದಾನೆ. ಹೆಂಡತಿ ಸತ್ತದ್ದು, ಯಾವಾಗ ಅಳು ಬರುತ್ತದೆ, ಯಾವುದಕ್ಕೆ ಹೆದರುತ್ತಾನೆ, ಎಲ್ಲ ಅವಳಿಗೆ ಗೊತ್ತು. ಅವನಿಗೆ ಅವಳ ಬಗ್ಗೆ ಏನು ಗೊತ್ತು? ಟೇಬಲ್ ಮೇಲಿನ ಟಿಶ್ಯೂ ಡಬ್ಬ ಯಾವ ಬಣ್ಣ ಅಂತ. ಆ ಕೋಣೆಯಲ್ಲಿ ಹಲ್ಲು ಇರುವುದು ಅವಳಿಗೆ.

ಅಮೆರಿಕದ ಸೈಕಾಲಜಿಸ್ಟ್‌ಗಳ ಸಂಘದ ನಿಯಮದಲ್ಲಿ ಚಿಕಿತ್ಸೆ ಮುಗಿದು ಕನಿಷ್ಠ ಎರಡು ವರ್ಷ ಇಂಥ ಸಂಬಂಧ ಬೇಡವೇ ಬೇಡ ಅಂತ ಇದೆ. ಎರಡು ವರ್ಷ ಆದಮೇಲೂ "ಇದರಿಂದ ಅವನಿಗೆ ಅನ್ಯಾಯ ಆಗಿಲ್ಲ" ಅಂತ ತೋರಿಸುವ ಹೊಣೆ ಅವಳದೇ.

ಇನ್ನೊಂದು ಸಣ್ಣದು. ಮೈತ್ರಿ ಡಾ. ಹೇಗಾದಳು? ಎಂ.ಡಿ. ಮಾಡಿದ್ದರೆ ಸೈಕಿಯಾಟ್ರಿಸ್ಟ್, ಮಾತ್ರೆ ಬರೆಯಬಹುದು. ಎಂ.ಫಿಲ್. ಮಾಡಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್, ಮಾತ್ರೆ ಬರೆಯುವ ಹಾಗಿಲ್ಲ. ನೀವು 6ನೇ ಕಂತಿನಲ್ಲಿ ಬರೆಸಿದ್ದೀರಿ.

ಸರ್ಕಾರಿ_ಗುಮಾಸ್ತ
ಟ್ರಾನ್ಸ್‌ಫರೆನ್ಸ್ ಅಂದರೆ ವರ್ಗಾವಣೆಯಾ? ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ನನಗೆ ಪ್ರೀತಿಯೂ ಬಂದಿಲ್ಲ, ಆರ್ಡರೂ ಬಂದಿಲ್ಲ.

ದುರ್ಗಿಗುಡಿ_ಹುಡುಗಿ
@ಸಂಜೆ_ಐದರ ಮೇಡಂ, "ಹಲ್ಲು ಇರುವುದು ಅವಳಿಗೆ" ಅನ್ನುವ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಆದರೂ ಒಂದು ವಾದ. ಇದು ಕಲ್ಪನೆ ಅಲ್ವಾ? ಅವನಿಗೆ 260 ದಾಟಿದೆ, ಅವಳಿಗೆ 31. ವಯಸ್ಸಿನಲ್ಲಿ, ಬಲದಲ್ಲಿ ಅವನೇ ಮೇಲೆ. ಆಗ ಸಮ ಆಗಲಿಲ್ಲವಾ?

ಸಂಜೆ_ಐದರ_ಅಪಾಯಿಂಟ್‌ಮೆಂಟ್
ಇಲ್ಲ. ಪೈಲ್ವಾನ್ ಬಂದು ಆ ಕುರ್ಚಿಯಲ್ಲಿ ಕೂತರೂ ಅವನು ಪೇಷೆಂಟೇ.

ಹಳೇ_ಪುಸ್ತಕದ_ವಾಸನೆ
ಇದೇನೂ ಹೊಸ ಕಥಾವಸ್ತು ಅಲ್ಲ ಅಂತ ಹೇಳಲು ಬಂದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾದಲ್ಲೇ ಒಬ್ಬ ಮಾನಸಿಕ ವೈದ್ಯ ಇದ್ದಾನೆ, ಡಾ. ಸೀವರ್ಡ್. ಅವನ ಆಸ್ಪತ್ರೆಯಲ್ಲಿ ರೆನ್‌ಫೀಲ್ಡ್ ಅಂತ ಒಬ್ಬ ರೋಗಿ, ನೊಣ ಹಿಡಿದು ಜೇಡಕ್ಕೆ ಕೊಡುತ್ತಾನೆ, ಜೇಡ ಹಿಡಿದು ಗುಬ್ಬಚ್ಚಿಗೆ ಕೊಡುತ್ತಾನೆ. ಡಾಕ್ಟರ್ ಮದುವೆ ಕೇಳಿದ್ದ ಹುಡುಗಿ ಲೂಸಿಯೇ ಕೊನೆಗೆ ರಕ್ತಪಿಶಾಚಿ ಆಗುತ್ತಾಳೆ. ಪಾಪ, ಆ ಡಾಕ್ಟರ್ ಕಥೆ ಯಾರೂ ಪೂರ್ತಿ ಹೇಳಿಲ್ಲ.

ಇನ್ನು ಬಿಸಿಲು ತಾಗಿದರೆ ಸುಟ್ಟು ಬೂದಿ ಆಗುವುದು ಆ ಪುಸ್ತಕದಲ್ಲಿ ಇಲ್ಲ. ಅಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ. ಬಿಸಿಲಿಗೆ ಸಾಯುವುದು 1922ರ ಒಂದು ಜರ್ಮನ್ ಮೂಕಿ ಸಿನಿಮಾದಿಂದ ಬಂದದ್ದು. ಪುಸ್ತಕದಲ್ಲಿರುವ ನಿಯಮಗಳು ಬೇರೆ. ಮನೆಯವರು ಕರೆಯದೆ ಹೊಸ್ತಿಲು ದಾಟುವ ಹಾಗಿಲ್ಲ. ಹರಿಯುವ ನೀರನ್ನು ತನ್ನಷ್ಟಕ್ಕೆ ದಾಟಲು ಆಗುವುದಿಲ್ಲ. ಮಲಗಲು ತನ್ನ ಊರಿನ ಮಣ್ಣು ಬೇಕು, ಅದಕ್ಕೇ ಐವತ್ತು ಪೆಟ್ಟಿಗೆ ಮಣ್ಣು ಹಡಗಿನಲ್ಲಿ ಹಾಕಿಕೊಂಡು ಬರುತ್ತಾನೆ.

ಕಡುಬು_ಚಟ್ನಿ
ಹರಿಯುವ ನೀರು ದಾಟಬಾರದು ಅಂದರೆ ಮಲೆನಾಡಿನಲ್ಲಿ ಅವನು ಒಂದು ಕಿಲೋಮೀಟರ್ ಹೋಗಲಾರ. ನಮ್ಮೂರ ಮಕ್ಕಳ ಜೊತೆ ಹಳ್ಳದ ದಡದಲ್ಲಿ ನಿಂತು ಕಾಲುಸಂಕಕ್ಕೆ ಮನವಿ ಬರೆಯಬೇಕು 😄

ಅಜ್ಜಿಮನೆ_ತಂಬುಳಿ
ಬೆಳ್ಳುಳ್ಳಿಗೆ ಹೆದರುತ್ತಾರೆ ಅಂತಾರಲ್ವಾ? ನಮ್ಮಜ್ಜಿ ಮನೆಯಲ್ಲಿ ಬೆಳ್ಳುಳ್ಳಿ ಒಳಗೇ ತರುತ್ತಿರಲಿಲ್ಲ. ಹವ್ಯಕರ ಹಳೇ ಮನೆಗಳು ಅವರಿಗೆ ಹೇಳಿ ಮಾಡಿಸಿದ ಹಾಗಿವೆ. ಬಾಡಿಗೆ ಮಾತ್ರ ಮುಂಗಡ.

ಬ್ಲಡ್‌ಬ್ಯಾಂಕ್_ನೈಟ್‌ಡ್ಯೂಟಿ
8ನೇ ಕಂತಿನಲ್ಲಿ ಹೀರೋ ರಕ್ತ ನಿಧಿಯಲ್ಲಿ ದುಡ್ಡು ಕೊಟ್ಟು, ರಕ್ತ ಮಾರುವ ಒಬ್ಬನನ್ನು ಗೊತ್ತು ಮಾಡಿಕೊಳ್ಳುತ್ತಾನೆ. 1998ರ ಜನವರಿಯಿಂದ ದುಡ್ಡಿಗೆ ರಕ್ತ ಕೊಡುವುದು ನಮ್ಮ ದೇಶದಲ್ಲಿ ನಿಷೇಧ, ಸುಪ್ರೀಂ ಕೋರ್ಟ್ ಆದೇಶ. ಒಂದು ಸಣ್ಣ ಬ್ಯಾಗಿನಲ್ಲಿ 350 ಎಂ.ಎಲ್. ಇರುತ್ತದೆ. 35 ದಿನ ದಾಟಿದರೆ ಎಸೆಯಬೇಕು. ಎಸೆಯುವ ಬ್ಯಾಗನ್ನು ಅವನಿಗೆ ಕೊಡುವ ಹಾಗೆ ಬರೆಯಿರಿ. ಹಳಸಲು ಊಟ ಅಂತ ಗೊಣಗುತ್ತಾ ಕುಡಿಯಲಿ.

ಸುಲಿಯುವ_ಚಪ್ಪರ
ನಿಮ್ಮಮ್ಮ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ.

ನಾನು ದೆವ್ವದ ಕಥೆ ಕೇಳಿದ್ದೆಲ್ಲ ಅಡಿಕೆ ಸುಲಿಯುವಾಗ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ಹೆಂಗಸರು ಮೆಟ್ಟುಗತ್ತಿ ಮೆಟ್ಟಿಕೊಂಡು ಸಾಲಾಗಿ ಕೂರುತ್ತಿದ್ದರು. ಕೈ ಒಂದು ಕಡೆ, ಬಾಯಿ ಒಂದು ಕಡೆ. ಯಾರಿಗೋ ಗದ್ದೆಯಂಚಿನಲ್ಲಿ ಕೊಳ್ಳಿದೆವ್ವ ಕಂಡದ್ದು, ಯಾರದೋ ಸೊಸೆಗೆ ಮೈಮೇಲೆ ಬಂದದ್ದು. ಆ ಕಥೆಗಳಲ್ಲಿ ಒಂದು ವಿಷಯ ನನಗೆ ಆಮೇಲೆ ಹೊಳೆಯಿತು. ನಮ್ಮವರು ಯಾವ ದೆವ್ವವನ್ನೂ ಕೊಲ್ಲುವುದಿಲ್ಲ. ಯುರೋಪಿನವರು ಎದೆಗೆ ಗೂಟ ಹೊಡೆಯುತ್ತಾರೆ. ನಮ್ಮಲ್ಲಿ ಮೊದಲು ಕೂರಿಸಿ ಕೇಳುತ್ತಾರೆ: "ಯಾರು ನೀನು? ಎಲ್ಲಿಂದ ಬಂದೆ? ಏನು ಬೇಕು?" ಅದು ಅಳುತ್ತದೆ, ಬೈಯುತ್ತದೆ, ಕೊನೆಗೆ ಬೇಕಾದ್ದು ಹೇಳುತ್ತದೆ. ಆಮೇಲೆ ಚೌಕಾಸಿ. ವರ್ಷಕ್ಕೆ ಒಂದು ಕೋಳಿ, ಬನದಲ್ಲಿ ಒಂದು ಕಲ್ಲು, ಇಂಥ ದಿನ ಹಣ್ಣುಕಾಯಿ. ಚೌಡಿಗೂ ರಕ್ತ ಬೇಕು, ಆದರೆ ಅಳತೆ ಇದೆ, ಜಾಗ ಇದೆ, ತಾರೀಖು ಇದೆ.

ನಿಮ್ಮ ಮೈತ್ರಿ ಮಾಡುವುದೂ ಅದೇ ಕೆಲಸ ಅಲ್ವಾ? ಕೂರಿಸಿ ಕೇಳುವುದು. ಹಾಗಾಗಿ ರಕ್ತಪಿಶಾಚಿ ಹೊರಗಿನದಾದರೂ ಚಿಕಿತ್ಸೆ ನಮ್ಮದೇ. ಅಮ್ಮನಿಗೆ ಹೀಗೆ ಹೇಳಿ.

ತೀರ್ಥಹಳ್ಳಿ_ತರ್ಕ
@ಸುಲಿಯುವ_ಚಪ್ಪರ, ಚೆನ್ನಾಗಿ ಬರೆದಿದ್ದೀರಿ, ಆದರೆ ಒಪ್ಪುವುದಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಹತ್ತೊಂಬತ್ತರಲ್ಲಿ ಧ್ವನಿ ಕೇಳಿಸಲು ಶುರುವಾಯಿತು. ಮೂರು ವರ್ಷ "ಯಾರು ನೀನು" ಅಂತ ಕೇಳಿಸಿಕೊಂಡು ಊರೂರು ತಿರುಗಿದಳು. ಒಂದು ಕಡೆ ಹೊಗೆ ಹಾಕಿ ಕಣ್ಣು ಊದಿಸಿ ಕಳಿಸಿದರು. ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೆ ತಾನಾಗಿ ತಲೆ ಬಾಚಿಕೊಂಡಳು. ಆ ಮೂರು ವರ್ಷ ಯಾರು ವಾಪಸ್ ಕೊಡುತ್ತಾರೆ? ಕಥೆಯಲ್ಲಿ ಏನಾದರೂ ಬರೆಯಿರಿ, ಆದರೆ ಮೈಮೇಲೆ ದೇವರು ಬರಿಸಿಕೊಳ್ಳುವ ದರ್ಶನದ ಪಾತ್ರಿ ಮತ್ತು ಕೌನ್ಸೆಲರ್ ಒಂದೇ ಅಂತ ಮಾತ್ರ ಬರೆಯಬೇಡಿ. ಓದುವವರಲ್ಲಿ ಯಾರಿಗಾದರೂ ಬೇಕಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸುಲಿಯುವ_ಚಪ್ಪರ
ತಪ್ಪಾಯಿತು, ಆ ಹುಡುಗಿಯ ವಿಷಯದಲ್ಲಿ ನಿಮ್ಮ ಮಾತೇ ಸರಿ. ನಾನು ಹೇಳಿದ್ದು ದೆವ್ವಕ್ಕೆ ಚಿಕಿತ್ಸೆ, ಮನುಷ್ಯರಿಗಲ್ಲ.

ಹೆಸರು_ಬೇಡ_ಪ್ಲೀಸ್
ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಆದರೆ ಕ್ಲಿನಿಕ್ ವಿಷಯ ಬಂತಲ್ಲ, ಒಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನಗೆ ನಿದ್ದೆ ಹೋಯಿತು, ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಕಡೆಯ ಒಂದು ಊರಿನ ಕೌನ್ಸೆಲರ್ ಹತ್ತಿರ ಹೋದೆ. ಬೋರ್ಡಿನಲ್ಲಿ "ನರರೋಗ" ಅಂತಲೂ ಇತ್ತು, ಯಾರಾದರೂ ಕೇಳಿದರೆ ಕೈ ಜೋಮು ಅನ್ನಬಹುದು ಅಂತ ಧೈರ್ಯ. ಹೆಲ್ಮೆಟ್ ತೆಗೆಯದೆ ಮೆಟ್ಟಿಲು ಹತ್ತಿದ್ದೆ. ಮೂರನೇ ಸಲ ಹೋಗಿ ಬಂದ ವಾರ ಮದುವೆ ಮನೆಯಲ್ಲಿ ನಮ್ಮ ಮಾವ ಪಂಕ್ತಿಯಲ್ಲಿ ಪಕ್ಕ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು: "ಏನೋ, ಈಗ ನಿದ್ದೆ ಬರ್ತದಾ?" ಕೌನ್ಸೆಲರ್ ಅವರಿಗೆ ಪರಿಚಯ. ಕಾಳಜಿಯಿಂದ ಹೇಳಿದ್ದಂತೆ. ಆಮೇಲೆ ನಾನು ಅಲ್ಲಿಗೂ ಹೋಗಲಿಲ್ಲ, ಬೇರೆ ಕಡೆಗೂ ಹೋಗಲಿಲ್ಲ.

ರಾತ್ರಿ ಎಂಟರ ಮೇಲೆ ಕತ್ತಲಲ್ಲಿ ಮೆಟ್ಟಿಲು ಹತ್ತುವ ನಿಮ್ಮ ಪಿಶಾಚಿಗಳು ನನಗೆ ಚೆನ್ನಾಗಿ ಅರ್ಥವಾಗುತ್ತಾರೆ.

ಸಂಜೆ_ಐದರ_ಅಪಾಯಿಂಟ್‌ಮೆಂಟ್
@ಹೆಸರು_ಬೇಡ, ಓದಿ ಹೊಟ್ಟೆ ಉರಿಯಿತು. ಅದು ಬರೀ ಕೆಟ್ಟ ನಡತೆ ಅಲ್ಲ, ಕಾನೂನಿಗೂ ವಿರುದ್ಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ಬಾಯಿ ಬಿಡಬಹುದಾದ ಸಂದರ್ಭಗಳು ಕೆಲವೇ. ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ಅದನ್ನು ತಪ್ಪಿಸಲು ಎಷ್ಟು ಬೇಕೋ ಅಷ್ಟು ಹೇಳಬಹುದು. ಮಾವನ ಕುತೂಹಲ ಆ ಪಟ್ಟಿಯಲ್ಲಿ ಇಲ್ಲ. ಇನ್ನೊಂದು ಸಲ ಪ್ರಯತ್ನ ಮಾಡಿ. ಈಗ ವಿಡಿಯೋದಲ್ಲೂ ಮಾತಾಡುತ್ತೇವೆ, ದೂರದ ಊರಿನವರನ್ನೇ ಆರಿಸಿಕೊಳ್ಳಿ.

ಹುಡುಗಿ, ನಿಮಗೂ ಇಲ್ಲಿ ಒಂದು ಕಂತು ಇದೆ. ಪೇಷೆಂಟ್ ಬಂದು "ನಾಳೆ ಗಾಂಧಿ ಬಜಾರಿನ ಇಂಥವರ ರಕ್ತ ಕುಡಿಯುತ್ತೇನೆ" ಅಂದರೆ ಮೈತ್ರಿ ಸುಮ್ಮನಿರಬೇಕಾ? ಕ್ಯಾಲಿಫೋರ್ನಿಯಾದಲ್ಲಿ 1976ರ ತರಾಸಾಫ್ ಪ್ರಕರಣದ ತೀರ್ಪು ಇದರ ಮೇಲೇ ಬಂದದ್ದು, ಸುಮ್ಮನಿರುವ ಹಾಗಿಲ್ಲ ಅಂತ.

ಹಿನ್ನೀರು_64
ಐವತ್ತು ಪೆಟ್ಟಿಗೆ ಮಣ್ಣು ಅಂದರಲ್ಲ, ಅಲ್ಲಿಗೇ ನಿಂತೆ.

ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಅಜ್ಜ ಲಾರಿಯಲ್ಲಿ ಪಾತ್ರೆ, ದನ, ದೇವರ ಪೆಟ್ಟಿಗೆ ಎಲ್ಲ ತಂದರು. ಮಣ್ಣು ತರಲು ನೆನಪಾಗಲಿಲ್ಲ ಅಂತ ಸಾಯುವವರೆಗೂ ಹೇಳುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. 1948ರಲ್ಲಿ ಮುಗಿದ ಕಟ್ಟೆ, ಹದಿನಾರೇ ವರ್ಷಕ್ಕೆ ಅದೂ ಮುಳುಗಿತು. ಅಜ್ಜನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆವು. ಒಡೆದ ಕೆಸರಿನ ಮೇಲೆ ನಡೆದು ಹೋಗಿ ಒಂದು ಕಲ್ಲಿನ ಹತ್ತಿರ ನಿಂತರು. "ಇದು ಕೊಟ್ಟಿಗೆ" ಅಂದರು. ನಮಗೆ ಏನೂ ಕಾಣಲಿಲ್ಲ. ಟವೆಲಿನಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ನಿಮ್ಮ ಕ್ಲಿನಿಕ್ಕಿಗೆ ಇಂಥ ಒಬ್ಬ ಪಿಶಾಚಿ ಬರಲಿ. ಮಲಗಲು ಊರಿನ ಮಣ್ಣು ಬೇಕು. ಊರು ನೀರಿನಡಿ ಇದೆ. ವರ್ಷಕ್ಕೆ ಒಂದು ತಿಂಗಳು, ನೀರು ಇಳಿದಾಗ ಮಾತ್ರ ನಿದ್ದೆ.

ದುರ್ಗಿಗುಡಿ_ಹುಡುಗಿ
@ಹಿನ್ನೀರು ಅಣ್ಣ, ಇದನ್ನು ಬರೆಯಲು ಅಪ್ಪಣೆ ಕೊಡುತ್ತೀರಾ? ಅಜ್ಜನ ಹೆಸರು, ಊರು ಏನೂ ಹಾಕುವುದಿಲ್ಲ.

ಹಿನ್ನೀರು_64
ಬರಿಯಮ್ಮ. ಟವೆಲ್ ಮಾತ್ರ ಬದಲಾಯಿಸಬೇಡ. ಕೆಂಪು ಗೆರೆಯದು.

ಮಂಡಿ_ಮಂಜ
ನಾನೂ ಒಂದು ಸೇರಿಸುತ್ತೇನೆ. ಪೂರ್ವ ಯುರೋಪಿನ ಹಳ್ಳಿಗಳಲ್ಲಿ ಇಂಥವು ಬಾರದಿರಲಿ ಅಂತ ಗಸಗಸೆ, ಕಾಳು ಚೆಲ್ಲುತ್ತಿದ್ದರಂತೆ. ಒಂದೊಂದೇ ಎಣಿಸದೆ ಅದಕ್ಕೆ ಮುಂದೆ ಹೋಗಲು ಆಗುವುದಿಲ್ಲ, ಅಷ್ಟರಲ್ಲಿ ಬೆಳಗಾಗುತ್ತದೆ. ಲಿಂಗಣ್ಣ ಶಾನುಭೋಗ, ಮೊದಲೇ ಲೆಕ್ಕದವನು. ಅಡಿಕೆ ಮಂಡಿಗೆ ಅವನನ್ನು ಬಿಡಿ, ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕೂ ಬಗೆಯ ಅಡಿಕೆ ನೋಡಿದರೆ ಅಲ್ಲೇ ಬಿದ್ದಿರುತ್ತಾನೆ.

ಕಡುಬು_ಚಟ್ನಿ
ಮಂಜಣ್ಣ, ಇವತ್ತು ರಾಶಿ ರೇಟ್ ಎಷ್ಟು?

ಮಂಡಿ_ಮಂಜ
ಇಲ್ಲಿ ಬೇಡ, ಮೆಸೇಜ್ ಮಾಡ್ತೀನಿ.

ಸಂಜೆ_ಐದರ_ಅಪಾಯಿಂಟ್‌ಮೆಂಟ್
ಎಣಿಸದೆ ಇರಲಾಗದು ಅಂದರೆ ಅದು ಗೀಳು. ಅದಕ್ಕೆ ಒಳ್ಳೇ ಚಿಕಿತ್ಸೆ ಇದೆ. ಹೆದರಿಸುವ ವಸ್ತುವನ್ನು ಎದುರಿಗೇ ಇಟ್ಟು, ಮಾಡಲೇಬೇಕು ಅನ್ನಿಸುವುದನ್ನು ಮಾಡದೆ ಕೂರಿಸುವುದು. ಮೈತ್ರಿ ಟೇಬಲ್ ಮೇಲೆ ಒಂದು ಹಿಡಿ ಅಡಿಕೆ ಸುರಿಯಲಿ. ಅವನ ಬೆರಳು ನಡುಗಲಿ. ಮೊದಲ ದಿನ ಎರಡು ನಿಮಿಷ, ಆಮೇಲೆ ಐದು. ಆ ದೃಶ್ಯ ನಿಮ್ಮ 14ನೇ ಕಂತಿಗಿಂತ ಹೆಚ್ಚು ಪ್ರೀತಿಯದಾಗುತ್ತದೆ ನೋಡಿ.

ಸೊರಬದ_ಸೊಸೆ
ಎಲ್ಲರೂ ತಮಾಷೆ ಮಾಡುತ್ತಿದ್ದೀರಿ, ಮಾಡಿ. ನಮ್ಮ ತಾಲ್ಲೂಕಿನಲ್ಲಿ ರಕ್ತ ಕುಡಿಯುವುದು ಅಂದರೆ ಉಣುಗು ನೆನಪಾಗುತ್ತದೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕ್ಯಾಸನೂರು ಕಾಡಿನಲ್ಲೇ. ದರಗು ಗುಡಿಸಲು ಕಾಡಿಗೆ ಹೋಗುವ ಹೆಂಗಸರು ಈಗಲೂ ಉಣುಗು ಹತ್ತದಿರಲಿ ಅಂತ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಕಥೆಯಲ್ಲಿ ಕಾಡು ಬಂದರೆ ಅವರೂ ಒಂದು ಸಲ ಹಾದುಹೋಗಲಿ.

ದುರ್ಗಿಗುಡಿ_ಹುಡುಗಿ
ಬರುತ್ತಾರೆ ಅಕ್ಕ. ಈಗ ಲೆಕ್ಕ ಹಾಕಿದರೆ ಕಥೆ ಪೂರ್ತಿ ಬೇರೆಯೇ ಆಯಿತು. ಆದರೆ ಪ್ರೀತಿ ಎಲ್ಲಿ ಹೋಯಿತು? ಎರಡು ವರ್ಷ ದೂರ ಇಟ್ಟರೆ ಓದುಗರು ಓಡಿಹೋಗುತ್ತಾರೆ. ಎರಡು ವರ್ಷ ಏನಂತ ಬರೆಯಲಿ?

ಹಳೇ_ಪುಸ್ತಕದ_ವಾಸನೆ
260 ವರ್ಷ ಬದುಕಿದವನಿಗೆ ಎರಡು ವರ್ಷ ಅಂದರೆ ಒಂದು ಮಧ್ಯಾಹ್ನದ ನಿದ್ದೆ.

ಸುಲಿಯುವ_ಚಪ್ಪರ
ತಡೀರಿ ತಡೀರಿ. ಕರೆಯದೆ ಹೊಸ್ತಿಲು ದಾಟುವ ಹಾಗಿಲ್ಲ ಅಂದಿರಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಲ್ಲ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ಧ್ವನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರೆದದ್ದು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ನಮ್ಮ ದೆವ್ವಗಳಿಗೆ ಅಕ್ಷರ ಬರುತ್ತದೆ, ಮಾತಿಗೂ ನಿಲ್ಲುತ್ತವೆ.

ಚಿಕಿತ್ಸೆ ನಿಲ್ಲಿಸಿ ಅವನನ್ನು ಬೇರೆಯವರ ಹತ್ತಿರ ಕಳಿಸಲಿ. ಆಮೇಲೆ ತನ್ನ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆಯಲಿ.

ಸಂಜೆ_ಐದರ_ಅಪಾಯಿಂಟ್‌ಮೆಂಟ್
ಅಯ್ಯೋ. ವೃತ್ತಿಯ ಲೆಕ್ಕದಲ್ಲಿ "ಬಾ" ಅಂತಲೂ ಬರೆಯಬಾರದು. ಆದರೆ ಕಾದಂಬರಿ ಓದುವವಳಾಗಿ, ಇದನ್ನೇ ಬರೆಯಿರಿ.

ದುರ್ಗಿಗುಡಿ_ಹುಡುಗಿ
ರಾತ್ರಿ ಎರಡರವರೆಗೂ ಕೂತು ಬರೆದೆ. 14ನೇ ಕಂತು ತೆಗೆದುಹಾಕಿದ್ದೇನೆ. ಹೊಸದರ ಕೊನೆ ಹೀಗಿದೆ:

"ಆಷಾಢದ ಮಳೆ ಹಿಡಿದಿತ್ತು. ಲಿಂಗಣ್ಣ ಕಂಬಳಿ ಕೊಪ್ಪೆ ಹೊದ್ದು ಜಗಲಿಯ ಕೆಳಗೆ ನಿಂತಿದ್ದ. ಬಾಗಿಲ ಮೇಲಿನ ಅಕ್ಷರ ಇರಚಲಿಗೆ ಅರ್ಧ ಅಳಿಸಿತ್ತು, 'ನಾಳೆ' ಅಷ್ಟೇ ಉಳಿದಿತ್ತು. ಅವನು ಜೇಬಿನಿಂದ ಸೀಮೆಸುಣ್ಣ ತೆಗೆದ. ಹೊಸ್ತಿಲು ಮುಟ್ಟದೆ, ಕೈ ಚಾಚಿ, 'ಬಾ' ಅನ್ನುವುದನ್ನು ತಾನೇ ತಿದ್ದಿ ಬರೆದ. ಒಳಗೆ ಮೈತ್ರಿ ದೀಪ ಆರಿಸಲಿಲ್ಲ, ಬಾಗಿಲನ್ನೂ ತೆಗೆಯಲಿಲ್ಲ. ಮೆಟ್ಟಿಲು ಇಳಿಯುತ್ತಾ ಅವನು ಎಣಿಸಿದ. ನಾನೂರ ಹನ್ನೆರಡು. ಇನ್ನು ಮುನ್ನೂರ ಹದಿನೆಂಟು."

ಹೆಸರು_ಬೇಡ_ಪ್ಲೀಸ್
ಅವನೇ ತಿದ್ದಿ ಬರೆದನಾ. ಸರಿ, ನಾನು 15ನೇ ಕಂತಿಗೆ ಕಾಯುತ್ತೇನೆ.

ಇಂಬಳ_ಪೀಡಿತ
ಆಷಾಢದಲ್ಲಿ ಜಗಲಿ ಕೆಳಗೆ ಬರಿಗಾಲಲ್ಲಿ ನಿಂತಿದ್ದಾನಾ? ಇಂಬಳ ಅವನಿಗೆ ಕಚ್ಚುವುದಿಲ್ಲವಾ? ಕಚ್ಚಿದರೆ ಇಂಬಳಕ್ಕೆ ಏನಾಗುತ್ತದೆ?

ಶಿರಸಿ_ಕಡೆಯವ
ಉಂಬಳ.

ಮಂಡಿ_ಮಂಜ
412ಕ್ಕೆ 318 ಸೇರಿಸಿದರೆ 730, ಎರಡು ವರ್ಷದ ದಿನ. ನಡುವೆ ಅಧಿಕ ವರ್ಷ ಬಂದರೆ 731 ಆಗುತ್ತದೆ. ಶಾನುಭೋಗ ಇದನ್ನು ಬಿಡುವವನಲ್ಲ, ತಿದ್ದಿ.